ಹತ್ತರಗಿಯ ಹೊಲದ ಬಗ್ಗೆ ನಾನು ಬರೆದ ಟಿಪ್ಪಣಿ

ಇದು ಹನ್ನೆರಡು ವರ್ಷಗಳ ಹಿಂದಿನ ಮಾತು. ಎಂಬಿಎ ಮುಗಿಸಿ ಜೂನ್ ತಿಂಗಳಲ್ಲಿ ಮುಂಬೈನ ಒಂದು ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ ಅನಲಿಸ್ಟ್ ಆಗಿ ಸೇರಿದ್ದೆ. ಅನಲಿಸ್ಟ್ ಎಂದರೆ ಆ ಲೋಕದಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಮೇಲಿನವರು ಯೋಚಿಸುತ್ತಾರೆ, ಮಾತಾಡುತ್ತಾರೆ, ಕೈ ಕುಲುಕುತ್ತಾರೆ. ಅವರು ಆಡಿದ್ದನ್ನೆಲ್ಲ ಕಾಗದಕ್ಕೆ ಇಳಿಸಿ, ಅಂಕಿ ಕೂಡಿಸಿ, ತಪ್ಪು ತಿದ್ದಿ ಬೆಳಗಾಗುವುದರೊಳಗೆ ಕೊಡುವುದು ಅನಲಿಸ್ಟನ ಪಾಲು. ನನಗೆ ಆಗ ಇಪ್ಪತ್ತನಾಲ್ಕು ವರ್ಷ. ಕೆಲಸ ಗೊತ್ತಿರಲಿಲ್ಲ, ಜಂಬ ಮಾತ್ರ ಧಾರಾಳವಾಗಿತ್ತು.

ನಮ್ಮದು ಮೂಡಲಗಿ ಹತ್ತಿರದ ಹಳ್ಳಿ. ಆಗಿನ್ನೂ ಅದು ಗೋಕಾಕ ತಾಲೂಕಿಗೆ ಸೇರಿತ್ತು. ಅಪ್ಪ ಸಿದ್ದಪ್ಪ ಕುರಿ ಕಾಯುವವರು. ವರ್ಷದಲ್ಲಿ ಎಂಟು ತಿಂಗಳು ಅವ್ವನ ಜೊತೆ, ಕಾಕಾನ ಜೊತೆ, ಇನ್ನೂರಕ್ಕೂ ಹೆಚ್ಚು ಕುರಿ ಹೊಡೆದುಕೊಂಡು ಊರೂರು ತಿರುಗುತ್ತಿದ್ದರು. ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತೆಂಬ ಸುದ್ದಿ ಹರಡಿದ ಕೂಡಲೇ ಬೆಳೆಸಾಲ ಕೇಳಲು ನಾಲ್ಕು ಜನ ಮನೆಗೆ ಬಂದರು. ನಮ್ಮದು ಸಾಲ ಕೊಡುವ ಬ್ಯಾಂಕಲ್ಲ, ಒಂದು ಕಂಪನಿಯನ್ನೇ ಮಾರಬೇಕೆನ್ನುವವರು ಮತ್ತು ಕೊಳ್ಳಬೇಕೆನ್ನುವವರ ನಡುವೆ ಕುಳಿತು ಬೆಲೆ ಕುದುರಿಸುವ, ಕಾಗದಪತ್ರ ನೋಡುವ ಕೆಲಸ ಎಂದು ವಿವರಿಸಿದೆ. ಮೂಡಲಗಿಯ ದನದ ಸಂತೆಯಲ್ಲಿ ದಲ್ಲಾಳಿಗಳು ಕೈಮೇಲೆ ಟವೆಲ್ ಹೊದಿಸಿಕೊಂಡು, ಒಳಗೆ ಬೆರಳು ಮುಟ್ಟಿ ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಅಪ್ಪನಿಗೆ ಥಟ್ಟನೆ ಅದೇ ನೆನಪಾಯಿತು. "ದಲ್ಲಾಳಿ ಆಗಾಕ ಇಷ್ಟ್ ವರ್ಷ ಓದಿದೇನವಾ?" ಎಂದು ನಕ್ಕರು. ನನಗೆ ಸಿಟ್ಟು ಬಂದಿತ್ತು. ಈ ವೃತ್ತಿಯ ಬಗ್ಗೆ ಅದಕ್ಕಿಂತ ಸರಿಯಾದ ವಿವರಣೆಯನ್ನು ನಾನು ಇವತ್ತಿನವರೆಗೂ ಕೇಳಿಲ್ಲ.

ಆ ಟವೆಲ್ ನಮ್ಮಲ್ಲೂ ಇತ್ತು. ಪ್ರತಿ ವ್ಯವಹಾರಕ್ಕೂ ಒಂದು ಗುಟ್ಟಿನ ಹೆಸರು ಇಡುತ್ತಿದ್ದರು. ನನ್ನನ್ನು ಮೊದಲು ಸೇರಿಸಿದ್ದು 'ಪ್ರಾಜೆಕ್ಟ್ ಮಲ್ಬರಿ' ಎಂಬುದಕ್ಕೆ. ಯಾವ ಕಂಪನಿ, ಎಲ್ಲಿಯದು ಎಂಬುದನ್ನು ಮನೆಯವರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಿದ ಮೇಲೆಯೇ ಕಡತ ತೆರೆದು ತೋರಿಸಿದರು. ಹುಕ್ಕೇರಿ ತಾಲೂಕಿನ ಹತ್ತರಗಿ, ರಾಷ್ಟ್ರೀಯ ಹೆದ್ದಾರಿಗೆ ಹೊಂದಿಕೊಂಡ ಜಾಗ, ದನದ ಹಿಂಡಿ ಮತ್ತು ಪಶು ಆಹಾರ ತಯಾರಿಸುವ ಕಾರ್ಖಾನೆ. ಮಾಲೀಕರು ಅಣ್ಣಾಸಾಹೇಬರು, ಜೈನ ಮನೆತನದವರು, ಅರವತ್ತೆಂಟು ವರ್ಷ. ಇಬ್ಬರು ಹೆಣ್ಣುಮಕ್ಕಳೂ ಪುಣೆಯಲ್ಲಿ ಡಾಕ್ಟರು, ಕಾರ್ಖಾನೆ ಯಾರಿಗೂ ಬೇಡ. ಕೊಳ್ಳುವವರು ದೂರದ ಒಂದು ದೊಡ್ಡ ಕಂಪನಿ. ನಾವು ಮಾರುವವರ ಕಡೆಯ ಸಲಹೆಗಾರರು.

ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಸೆಪ್ಟೆಂಬರ್ ಮೊದಲ ವಾರ ನನ್ನನ್ನು ಹತ್ತರಗಿಗೆ ಕಳಿಸಿದರು. ವಿಮಾನದಲ್ಲಿ ಬೆಳಗಾವಿ, ಅಲ್ಲಿಂದ ಕಾರು. ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿದವಳು, ಊರ ಕಡೆಗೇ ಹೊರಟಿದ್ದೆ. ಆದರೂ ಯಾರಿಗೂ ಹೇಳುವಂತಿರಲಿಲ್ಲ. ಹತ್ತರಗಿಯಿಂದ ಸ್ವಲ್ಪ ಮುಂದಕ್ಕೆ ನಾನು ಇಂಜಿನಿಯರಿಂಗ್ ಓದಿದ ನಿಡಸೋಸಿ. ಇತ್ತ ಹುಕ್ಕೇರಿ, ಘಟಪ್ರಭಾ ದಾಟಿದರೆ ನಮ್ಮ ಮನೆ. ಮಳೆಗಾಲವಾದ್ದರಿಂದ ಅಪ್ಪ ಅವ್ವ ಊರಲ್ಲೇ ಇದ್ದರು. ಮಧ್ಯಾಹ್ನ ಅವ್ವ ಫೋನ್ ಮಾಡಿ ಮುಂಬೈನಲ್ಲಿ ಮಳೆ ಹೇಗಿದೆ ಎಂದು ಕೇಳಿದಳು. ಜೋರಾಗಿದೆ ಎಂದೆ. ಕಾರಿನ ಕಿಟಕಿಯಾಚೆ ಬಿಸಿಲು ಹೊಳೆಯುತ್ತಿತ್ತು. ಅವ್ವನಿಗೆ ಸುಳ್ಳು ಹೇಳಿದ್ದಕ್ಕಿಂತ, ಅಷ್ಟು ಹತ್ತಿರ ಬಂದೂ ಅವಳ ಕೈಯ ಒಂದು ರೊಟ್ಟಿ ತಿನ್ನದೆ ಹೋಗುತ್ತೇನಲ್ಲ ಎಂಬುದೇ ಹೆಚ್ಚು ಕಾಡಿತು.

ಕಾರ್ಖಾನೆ ನೋಡುವುದೆಂದರೆ ಯಂತ್ರ, ಗೋದಾಮು, ಜಾಗದ ಎಲ್ಲೆ ಎಲ್ಲವನ್ನೂ ಕಾಗದದ ಜೊತೆ ತಾಳೆ ನೋಡುವುದು. ನಕ್ಷೆ ಹಿಡಿದುಕೊಂಡು ಗೋದಾಮಿನ ಹಿಂದಕ್ಕೆ ಹೋದೆ. ಅಲ್ಲಿ ಕಾರ್ಖಾನೆಗೆ ಸೇರಿದ ಹನ್ನೊಂದು ಎಕರೆ ಹೊಲ. ಸೋಯಾ ಬೆಳೆ ಮೊಣಕಾಲೆತ್ತರ ನಿಂತಿತ್ತು. ಹೊಲದ ಆ ತುದಿಗೆ ಹೆದ್ದಾರಿಯ ಏರಿ, ಏರಿಯ ಕೆಳಗೆ ದನಕುರಿ ಹಾಯ್ದು ಆಚೆ ಹೋಗುವಷ್ಟು ಎತ್ತರದ ಒಂದು ಮೋರಿ. ಆ ಮೋರಿ ಕಂಡ ಕೂಡಲೇ ನಕ್ಷೆ ಮಡಿಚಿ ಸುತ್ತ ನೋಡಿದೆ. ಅದು ನಮ್ಮ 'ಸಾಹುಕಾರ್ ಹೊಲ'.

ನಾನು ಆ ಹೊಲವನ್ನು ಯಾವಾಗಲೂ ಕುರಿಗಳ ಕಡೆಯಿಂದ ನೋಡಿದವಳು. ಹಿಂದಿನ ಗಾಡಿದಾರಿಯಿಂದ ಬರುತ್ತಿದ್ದೆವು, ಮೋರಿಯಿಂದ ಹೊರಟುಹೋಗುತ್ತಿದ್ದೆವು. ಗೋದಾಮಿನ ಗೋಡೆಯ ಆಚೆ ಏನೋ ಗಿರಣಿ ಇದೆ ಎಂದಷ್ಟೇ ಗೊತ್ತಿತ್ತು. ಅದರ ಹೆಸರೇನು, ಸಾಹುಕಾರರ ಹೆಸರೇನು ಎಂದು ಯಾವತ್ತೂ ಕೇಳಿರಲಿಲ್ಲ. ಸೋಯಾ ಕೊಯ್ಲಾದ ಮೇಲೆ ಹಿಂಡು ಆ ಹೊಲದಲ್ಲಿ ಹತ್ತು ದಿನ ನಿಲ್ಲುತ್ತಿತ್ತು. ಕುರಿಯ ಹಿಕ್ಕೆ ಹೊಲಕ್ಕೆ ಗೊಬ್ಬರ, ನಮಗೆ ಜೋಳ, ಬೆಲ್ಲ, ಎಣ್ಣೆ. ನಮ್ಮ ಅಜ್ಜನ ಕಾಲದಿಂದ ನಡೆದುಬಂದ ರೂಢಿ. ಸಾಹುಕಾರರ ಕಡೆಯಿಂದ ಒಂದೇ ಕಟ್ಟಳೆ: ಆ ಹೊಲದಲ್ಲಿರುವಷ್ಟು ದಿನ ಒಂದು ಕುರಿಯನ್ನೂ ಮಾರುವಂತಿಲ್ಲ. ಕಟುಕರು ಒಳ್ಳೆಯ ಬೆಲೆ ಹಿಡಿದು ಬಂದಾಗಲೂ ಅಪ್ಪ ಅವರನ್ನು ಗಾಡಿದಾರಿಯಿಂದಲೇ ಹಿಂದಕ್ಕೆ ಕಳಿಸಿದ್ದನ್ನು ನಾನೇ ಕಂಡಿದ್ದೆ.

ದೀಪಾವಳಿ ಸೂಟಿ ಬಿಟ್ಟರೆ ಸಾಕು, ನಾನು ಸಾಲೆಯಿಂದ ನೇರ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ವರ್ಷವಿಡೀ ನಡೆಯುವ ಅಪ್ಪ ಕೂತದ್ದನ್ನು ನಾನು ನೋಡುತ್ತಿದ್ದುದು ಆ ಹತ್ತು ದಿನ ಮಾತ್ರ. ಮೂರು ಕಡೆ ಗಟ್ಟಿ ಎಲ್ಲೆ ಇದ್ದದ್ದರಿಂದ ಕುರಿ ತಪ್ಪಿಸಿಕೊಳ್ಳುವ ಭಯವಿರಲಿಲ್ಲ. ಸಂಜೆ ಕಂಬಳಿ ಹಾಸಿಕೊಂಡು ಕಾಲು ಚಾಚಿ ಕೂರುತ್ತಿದ್ದರು, ನನ್ನ ಪುಸ್ತಕದ ಚಿತ್ರಗಳನ್ನು ಒಂದೊಂದಾಗಿ ಕೇಳುತ್ತಿದ್ದರು. ನನಗೆ ಮನೆ ಎಂದರೆ ಹಳ್ಳಿಯ ಮನೆ ಅಲ್ಲ. ಈಗಲೂ ಕಣ್ಣು ಮುಚ್ಚಿದರೆ ಆ ಹೊಲವೇ ಬರುತ್ತದೆ. ಫಾರ್ಮಲ್ ಪ್ಯಾಂಟು, ಹೊಸ ಬೂಟು ಹಾಕಿಕೊಂಡು ಗೋಡೆಯ ಈ ಕಡೆಯಿಂದ ಅದನ್ನು ನೋಡುತ್ತ ನಿಂತಾಗ, ಎಲ್ಲ ಬಿಟ್ಟು ಆ ಸೋಯಾ ಸಾಲುಗಳ ನಡುವೆ ಹೋಗಿ ಕೂತುಬಿಡಬೇಕೆನ್ನಿಸಿತು.

ಆದರೆ ಕೈಯಲ್ಲಿ ಪ್ರಶ್ನಾವಳಿ ಇತ್ತು. ಕೊಳ್ಳುವವರು ಬೆಲೆ ಕೊಡುವ ಮೊದಲು ಕಂಪನಿಯನ್ನು ಒಳಹೊರಗೆ ಜಾಲಾಡುವುದಕ್ಕೆ ಡ್ಯೂ ಡಿಲಿಜೆನ್ಸ್ ಎನ್ನುತ್ತಾರೆ. ಅವರ ವಕೀಲರು ಇನ್ನೂರಕ್ಕೂ ಹೆಚ್ಚು ಪ್ರಶ್ನೆ ಕಳಿಸಿದ್ದರು. ಅದರಲ್ಲಿ ಒಂದು: ಕಂಪನಿಯ ಜಮೀನನ್ನು ಲಿಖಿತವಾಗಲಿ, ಬಾಯಿಮಾತಿನಲ್ಲಾಗಲಿ ಅನುಮತಿ ಪಡೆದು ಬೇರೆ ಯಾರಾದರೂ ಬಳಸುತ್ತಾರೆಯೇ? ಕಾರ್ಖಾನೆಯ ಮ್ಯಾನೇಜರರು 'ಇಲ್ಲ' ಎಂದು ಬರೆದಿದ್ದರು. ಅವರು ಸುಳ್ಳು ಬರೆದಿರಲಿಲ್ಲ. ಹೊಲಕ್ಕೆ ಕುರಿ ಬರುವುದನ್ನು ಬಳಕೆ ಎಂದು ಅವರು ಎಣಿಸಿಯೇ ಇರಲಿಲ್ಲ, ಮರಕ್ಕೆ ಹಕ್ಕಿ ಬರುವುದನ್ನು ಯಾರೂ ಹಾಗೆ ಎಣಿಸುವುದಿಲ್ಲವಲ್ಲ.

ನನ್ನ ಮೇಲಧಿಕಾರಿ ಶಾಲಿನಿ ಮೇಡಂಗೆ ಅಲ್ಲಿಂದಲೇ ಫೋನ್ ಮಾಡಿ ಎಲ್ಲ ಹೇಳಿದೆ, ಆ ಹಿಂಡು ನಮ್ಮಪ್ಪನದೆಂಬುದನ್ನೂ ಹೇಳಿದೆ. ಅವರು, ನಿಜವನ್ನು ಮುಚ್ಚಿಡುವ ಪ್ರಶ್ನೆಯೇ ಇಲ್ಲ, ಮಾಲೀಕರ ಹತ್ತಿರ ಖಚಿತ ಮಾಡಿಕೊಂಡು ಉತ್ತರ ತಿದ್ದು, ನಿನ್ನ ಸಂಬಂಧವನ್ನು ನಾನು ಕಡತದಲ್ಲಿ ದಾಖಲಿಸುತ್ತೇನೆ ಎಂದರು. ಏನಾದರೂ ತೊಡಕಿದ್ದರೆ ಹೇಳು, ಸಮಯ ಕೇಳೋಣ ಎಂದೂ ಸೇರಿಸಿದರು. ಈ ಕೊನೆಯ ಮಾತು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ಅಣ್ಣಾಸಾಹೇಬರು ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ನೇಮದವರು. ಐದೂವರೆಗೆ ತಟ್ಟೆಯ ಮುಂದೆ ಕೂತಿದ್ದರು, ನನಗೂ ಬಡಿಸಿದರು. ವಿಷಯ ತೆಗೆದಾಗ ಮೊದಲು ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು. "ನೀ ಸಿದ್ದಪ್ಪನ ಮಗಳೇನ? ಪುಸ್ತಕ ಹಿಡ್ಕೊಂಡ್ ಕೂಡ್ತಿತ್ತಲ್ಲ, ಆ ಹುಡುಗಿ?" ಎಂದರು. ಹೌದೆಂದಾಗ ಅವರಿಗೆ ಆದ ಸಂತೋಷ ನೋಡಿ ನನಗೆ ಹೊಟ್ಟೆ ತುಂಬಿದಂತಾಯಿತು. ಮನೆಯವರನ್ನು ಕರೆದು ತೋರಿಸಿದರು, ಇನ್ನೊಂದು ಹೋಳಿಗೆ ಹಾಕಿಸಿದರು. ಆಮೇಲೆ ಪ್ರಶ್ನಾವಳಿಯನ್ನು ಓದಿಸಿಕೊಂಡರು.

"ಅದು ಹಕ್ಕಲ್ಲ ತಂಗಿ, ಮಾತು. ನಮ್ಮಪ್ಪ ನಿಮ್ಮಜ್ಜಗ ಕೊಟ್ಟ ಮಾತು. ಬರೀಬ್ಯಾಡ ಅನ್ನೂದಿಲ್ಲ. ಮುಂದಿನ ವಾರ ಅವರ ದೊಡ್ಡ ಸಾಹೇಬ್ರು ಊಟಕ್ಕ ಬರಾಕತ್ತಾರ. ಹೊಲದಾಗ ಅಡ್ಡಾಡಿಸಿ, ಮೊದಲ ನಾ ಬಾಯಿಲೆ ಹೇಳ್ತೇನಿ. ನಾಲ್ಕ ದಿನ ತಡಿ."

"ಆಗೂದಿಲ್ಲರಿ ಕಾಕಾ. ಉತ್ತರ ಕೊಡಾಕ ನಾಳೆ ಕೊನೇ ದಿನ ಐತಿ," ಎಂದೆ.

ಅವರು ಒತ್ತಾಯಿಸಲಿಲ್ಲ. ನಿನ್ನ ಕೆಲಸ ನೀನು ಮಾಡವ್ವ ಎಂದು ಕೈ ತೊಳೆಯಲು ಎದ್ದರು. ನಾಲ್ಕು ದಿನ ಹೆಚ್ಚಿಗೆ ಕೇಳುವುದು ನಮ್ಮ ವೃತ್ತಿಯಲ್ಲಿ ದಿನಾ ನಡೆಯುವ ಮಾತು ಎಂದು ನನಗೆ ಆಗ ಗೊತ್ತಿರಲಿಲ್ಲ. ಗಡುವು ತಪ್ಪಿದರೆ ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದೆ. ಖರೆ ಹೇಳಬೇಕೆಂದರೆ ಅದೂ ಪೂರ್ತಿ ಕಾರಣವಲ್ಲ. ಆ ಟಿಪ್ಪಣಿಯನ್ನು ಬರೆಯಲು ನನ್ನ ಕೈ ತುರಿಸುತ್ತಿತ್ತು. ಇಡೀ ಮುಂಬೈ ಆಫೀಸಿನಲ್ಲಿ ಈ ವಿಷಯ ಬಲ್ಲವಳು ನಾನೊಬ್ಬಳೇ. ಬಾಯಿಮಾತಿನ ರೂಢಿಯೊಂದು ಮೊದಲ ಸಲ ಕಾಗದಕ್ಕೆ ಇಳಿದರೆ ಅದಕ್ಕೊಂದು ಗೌರವ, ಒಂದು ರಕ್ಷಣೆ ಸಿಗುತ್ತದೆ ಎಂದು ಗಟ್ಟಿಯಾಗಿ ನಂಬಿದ್ದೆ. ಕಾಗದ ಓದಿಯೇ ಮೇಲೆ ಬಂದವಳಿಗೆ ಕಾಗದದ ಮೇಲೆ ಅಷ್ಟು ಭಕ್ತಿ ಇದ್ದದ್ದು ಸಹಜ.

ಮೂರು ಪ್ಯಾರಾ ಬರೆದೆ. ದೀಪಾವಳಿಯ ನಂತರ ಸುಮಾರು ಹತ್ತು ದಿನ ಕುರಿಗಾರರು ಈ ಹೊಲದಲ್ಲಿ ತಂಗುತ್ತಾರೆ, ಎರಡು ತಲೆಮಾರು ಮೀರಿದ ರೂಢಿ, ಬರಹದಲ್ಲಿ ಏನೂ ಇಲ್ಲ. ಗಾಡಿದಾರಿಯಿಂದ ಬಂದು ಹೊಲ ದಾಟಿ ಮೋರಿಯ ಮೂಲಕ ಹೆದ್ದಾರಿಯ ಆಚೆ ಹೋಗುತ್ತಾರೆ. ಕುರಿಯ ಸಂಖ್ಯೆ ಇಷ್ಟು, ಕೊಡುವ ಕಾಳು ಇಷ್ಟು. ಯಾವ ವಿವರವನ್ನೂ ಬಿಡಲಿಲ್ಲ. ಶಾಲಿನಿ ಮೇಡಂ ಓದಿ, ಒಂದು ಅಕ್ಷರವನ್ನೂ ತಿದ್ದದೆ ಡೇಟಾ ರೂಮಿಗೆ ಹಾಕಲು ಹೇಳಿದರು. ಡೇಟಾ ರೂಮ್ ಎಂದರೆ ಎರಡೂ ಕಡೆಯವರು ಕಾಗದ ನೋಡುವ ಬೀಗ ಹಾಕಿದ ಕಂಪ್ಯೂಟರ್ ಕಪಾಟು. ನಾನು ಬರೆದದ್ದು ತಿದ್ದುಪಡಿ ಇಲ್ಲದೆ ಒಳಗೆ ಹೋದದ್ದು ಅದೇ ಮೊದಲು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮೂರನೆಯ ದಿನ ವಕೀಲರ ಉತ್ತರ ಬಂತು. ನನ್ನ ಮೂರು ಪ್ಯಾರಾ ಅವರ ಕೈಯಲ್ಲಿ ಎರಡು ಸಾಲಾಗಿತ್ತು. ದೀರ್ಘಕಾಲದ ಬಾಯಿಮಾತಿನ ಬಳಕೆ, ಮುಂದೆ ದಾರಿಯ ಹಕ್ಕು ಕೇಳುವ ಅಪಾಯ. ಆದ್ದರಿಂದ ಹಸ್ತಾಂತರಕ್ಕೆ ಮೊದಲು ಬಳಕೆ ನಿಲ್ಲಿಸಿ, ಜಮೀನಿನ ಸುತ್ತ ಗೋಡೆ ಕಟ್ಟಿಸತಕ್ಕದ್ದು. ಇಂಥದ್ದಕ್ಕೆ ಪೂರ್ವಷರತ್ತು ಎನ್ನುತ್ತಾರೆ. ಅದು ಈಡೇರದೆ ಹಣವೂ ಬರುವುದಿಲ್ಲ, ಕಂಪನಿಯೂ ಹೋಗುವುದಿಲ್ಲ. ನಾನು ಅಷ್ಟು ಅಕ್ಕರೆಯಿಂದ ಎಣಿಸಿ ಬರೆದ ತಲೆಮಾರುಗಳೇ ಅವರ ಕಣ್ಣಿಗೆ ಅಪಾಯದ ಸಾಕ್ಷಿಯಾಗಿದ್ದವು. ಬರೆಯದೆ ಇದ್ದಾಗ ಅದು ಒಂದು ಮಾತಾಗಿತ್ತು. ಬರೆದ ಮೇಲೆ ತೆಗೆದುಹಾಕಬೇಕಾದ ವಸ್ತುವಾಯಿತು.

ಮುಂದಿನ ವಾರ ಅವರ ದೊಡ್ಡ ಸಾಹೇಬರು ಊಟಕ್ಕೆ ಬಂದರು. ಅಣ್ಣಾಸಾಹೇಬರು ಹೊಲ ತೋರಿಸಿ, ಹತ್ತು ಅಡಿ ದಾರಿಯನ್ನಾದರೂ ಬಿಡಿ ಎಂದು ಕೇಳಿದರಂತೆ. ಆ ಮನುಷ್ಯ ಒಳ್ಳೆಯವರೇ. ನೀವು ಮೊದಲೇ ಹೇಳಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಇದು ವಕೀಲರ ಪಟ್ಟಿಗೆ ಹೋಗಿದೆ, ನಾನು ಕೈ ಹಾಕುವಂತಿಲ್ಲ ಎಂದರಂತೆ. ಈ ಸುದ್ದಿ ನನಗೆ ಬಂದದ್ದು ಶಾಲಿನಿ ಮೇಡಂ ಬಾಯಿಂದ. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಅಣ್ಣಾಸಾಹೇಬರು ನಾಲ್ಕು ದಿನ ಕೇಳಿದ್ದನ್ನು ಅವರಿಗೆ ನಾನು ಹೇಳಿಯೇ ಇರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಒಪ್ಪಂದಕ್ಕೆ ಸಹಿ ಬಿತ್ತು, ಪತ್ರಿಕೆಗಳಲ್ಲಿ ಸುದ್ದಿಯೂ ಬಂತು. ಅಲ್ಲಿಗೆ ಗುಟ್ಟು ಮುಗಿಯಿತು. ಪೂರ್ವಷರತ್ತುಗಳ ಪಟ್ಟಿಯನ್ನು ದಿನವೂ ನೋಡಿಕೊಳ್ಳುವ ಕೆಲಸ ನನ್ನದೇ ಆಯಿತು. ಯಾವುದು ಬಾಕಿ ಇದೆಯೋ ಅದು ಕೆಂಪು, ಯಾವುದು ಮುಗಿಯಿತೋ ಅದು ಹಸಿರು. ಅಕ್ಟೋಬರಿನಲ್ಲಿ ಕಾರ್ಖಾನೆಯಿಂದ ಗೋಡೆಯ ಫೋಟೋಗಳು ಬರತೊಡಗಿದವು. ಸಿಮೆಂಟ್ ಇಟ್ಟಿಗೆಯ ಗೋಡೆ, ಆಳೆತ್ತರ. ಕೊನೆಯ ಫೋಟೋದಲ್ಲಿ ಅದು ಮೋರಿಯ ಬಾಯಿಗೆ ಅಡ್ಡವಾಗಿ ಹಾದುಹೋಗಿತ್ತು. ನಾನೇ ಆ ಸಾಲನ್ನು ಹಸಿರು ಮಾಡಿದೆ. ಅಪ್ಪನಿಗೆ ಫೋನ್ ಮಾಡಲು ಆಗ ಯಾವ ಅಡ್ಡಿಯೂ ಇರಲಿಲ್ಲ. ನಾಳೆ ಮಾಡಿದರಾಯಿತು ಎಂದುಕೊಳ್ಳುತ್ತ ಮೂರು ವಾರ ಕಳೆದೆ. ಹಿಂಡು ಈ ಸಲ ಬೇರೆ ದಾರಿ ಹಿಡಿದಿರಲಿ ಎಂದು ಹರಕೆ ಹೊತ್ತವಳಂತೆ ಬೇಡಿಕೊಳ್ಳುತ್ತಿದ್ದೆ.

ದೀಪಾವಳಿ ಕಳೆದು ಐದನೆಯ ದಿನ, ಮಧ್ಯಾಹ್ನ, ಅಪ್ಪನ ಫೋನ್ ಬಂತು. ಹಿನ್ನೆಲೆಯಲ್ಲಿ ಕುರಿಗಳ ಕೂಗು, ಲಾರಿಗಳ ಹಾರ್ನು.

"ಯವ್ವಾ, ಸಾಹುಕಾರ್ ಹೊಲಕ್ಕ ಗ್ವಾಡಿ ಕಟ್ಯಾರ. ನೀ ಕಂಪನಿ ಕೆಲಸದಾಗ ಇದ್ದಾಕಿ. ಒಂದ್ ಹತ್ತ ಫೂಟ್ ದಾರಿ ಬಿಡಸಾಕ ಯಾರಿಗಿ ಅರ್ಜಿ ಕೊಡಬೇಕು, ಕೇಳಿ ಹೇಳ್ತೀಯೇನು?"

ಆಫೀಸಿನ ಮೆಟ್ಟಿಲ ಮೇಲೆ ಹೋಗಿ ಕೂತೆ. ತಪ್ಪಿಸಿಕೊಳ್ಳಲು ಒಂದು ದಾರಿಯೂ ಉಳಿದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. "ಯಪ್ಪಾ, ಗ್ವಾಡಿ ಕಟ್ಟಿದ್ದು ನಾ ಬರದ ಕಾಗದದಿಂದ," ಎಂದೆ. ಅಪ್ಪನಿಗೆ ಅರ್ಥವಾಗಲಿಲ್ಲ. ಮೊದಲಿನಿಂದ ಎಲ್ಲ ಹೇಳಿದೆ. ಹತ್ತರಗಿಗೆ ಬಂದದ್ದು, ಅವ್ವನಿಗೆ ಸುಳ್ಳು ಹೇಳಿದ್ದು, ಅಣ್ಣಾಸಾಹೇಬರು ನಾಲ್ಕು ದಿನ ಕೇಳಿದ್ದು, ನಾನು ಕೊಡದಿದ್ದದ್ದು. ಅವರು ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ. ಏನು ಬರೆದಿದ್ದೆಯೋ ಅದನ್ನು ಓದಿ ಹೇಳು ಎಂದರು. ಫೋನನ್ನು ಕಿವಿಗೆ ಹಿಡಿದು ಆ ಮೂರು ಪ್ಯಾರಾಗಳನ್ನು ಕನ್ನಡ ಮಾಡಿ ಒಂದೊಂದೇ ಸಾಲು ಹೇಳಿದೆ. ಅಜ್ಜನ ಕಾಲದ ರೂಢಿ, ಹತ್ತು ದಿನ, ಗಾಡಿದಾರಿ, ಮೋರಿ, ಜೋಳ, ಬೆಲ್ಲ. ಅಪ್ಪ ಹೂಂಗುಟ್ಟುತ್ತ ಪೂರ್ತಿ ಕೇಳಿದರು. ಚಿಕ್ಕವಳಿದ್ದಾಗ ನನ್ನ ಪಾಠ ಕೇಳಿದಷ್ಟೇ ಸಮಾಧಾನದಿಂದ ಕೇಳಿದರು.

"ಖರೇನ ಬರದಿ. ಚಲೋನೂ ಬರದಿ," ಎಂದರು. ಆಮೇಲೆ ಕೇಳಿದರು, "ಅಷ್ಟೆಲ್ಲಾ ಬರದಾಕಿ, ಇವರಿಗಿ ದಾರಿ ಬಿಡ್ರಿ ಅಂತ ಒಂದ್ ಮಾತ ಬರೀಬಾರದಿತ್ತೇನವಾ?"

ಕುರಿಗಳು ಬಿಸಿಲಲ್ಲಿ ನಿಂತಿವೆ ಎಂದು ಹೇಳಿ ಅವರೇ ಫೋನ್ ಇಟ್ಟರು. ಆ ದಿನ ಹಿಂಡನ್ನು ಹೆದ್ದಾರಿಯ ಪಕ್ಕದಲ್ಲೇ ಮುಂದಿನ ಕೆಳಸೇತುವೆಯವರೆಗೆ ಹೊಡೆದುಕೊಂಡು ಹೋದರೆಂದೂ, ಲಾರಿಗೆ ಸಿಕ್ಕಿ ಎರಡು ಮರಿ ಸತ್ತವೆಂದೂ ವಾರದ ಮೇಲೆ ಕಾಕಾ ಹೇಳಿದ. ಅಪ್ಪ ಅದನ್ನು ನನಗೆ ಯಾವತ್ತೂ ಹೇಳಲಿಲ್ಲ. ಮರುವರ್ಷದಿಂದ ಅವರು ಹುಕ್ಕೇರಿ ದಾಟುವ ಮೊದಲೇ ಬೇರೆ ಕಡೆ ತಿರುಗಿಕೊಂಡರು. ಅಲ್ಲಿ ಒಂದೊಂದು ಹೊಲದಲ್ಲಿ ಎರಡೋ ಮೂರೋ ದಿನ, ಆಮೇಲೆ ಮತ್ತೆ ಹೊರಡಬೇಕು. ಕಾಲು ಚಾಚಿ ಕೂರುವ ಹತ್ತು ದಿನ ಅಪ್ಪನ ವರ್ಷದಿಂದ ಹೋಗಿಬಿಟ್ಟವು.

ಈ ಹನ್ನೆರಡು ವರ್ಷದಲ್ಲಿ ಸಣ್ಣ ದೊಡ್ಡ ಮೂವತ್ತಕ್ಕೂ ಹೆಚ್ಚು ವ್ಯವಹಾರಗಳಲ್ಲಿ ಕೂತಿದ್ದೇನೆ. ಹೊಸದಾಗಿ ಸೇರುವ ಮಕ್ಕಳು, ನಿಜ ಬರೆದರೆ ಸಾಕಲ್ಲವೇ ಎಂದು ಕೇಳುತ್ತಾರೆ. ನಿಜ ಬರೆಯಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಆದರೆ ನೀವು ಬರೆದ ಸಾಲನ್ನು ಓದಿದವರು ಮುಂದೆ ಏನು ಮಾಡುತ್ತಾರೆ ಎಂದು ಬರೆಯುವ ಮೊದಲೇ ಕೇಳಿಕೊಳ್ಳಿ ಎನ್ನುತ್ತೇನೆ. ನಮ್ಮ ಮೇಜಿನ ಸುತ್ತ ಮಾರುವವರು ಇರುತ್ತಾರೆ, ಕೊಳ್ಳುವವರು ಇರುತ್ತಾರೆ, ಇಬ್ಬರಿಗೂ ವಕೀಲರು ಇರುತ್ತಾರೆ. ಅಲ್ಲಿ ಇಲ್ಲದವರ ಹೆಸರು ನಿಮ್ಮ ಕಾಗದದಲ್ಲಿ ಬಂದರೆ, ಅವರಿಗೆ ಬೇಕಾದದ್ದೇನು ಎಂಬುದನ್ನೂ ನೀವೇ ಬರೆಯಬೇಕು, ಅದಕ್ಕೆ ನಾಲ್ಕು ದಿನ ಹೆಚ್ಚು ಹಿಡಿದರೆ ನಾಲ್ಕು ದಿನ ಕೇಳಬೇಕು. ಹೀಗೆ ಕೇಳಿ, ನಾನು ಕಂಡು ಕೇಳರಿಯದ ಊರುಗಳಲ್ಲಿ ಒಂದು ಕಡೆ ಮೀನುಗಾರರಿಗೆ ದಾರಿ ಉಳಿಸಿದೆ, ಇನ್ನೊಂದು ಕಡೆ ಬಾವಿಗೆ ಹೋಗುವ ಹೆಂಗಸರಿಗೆ.

ಈಗಲೂ ದೀಪಾವಳಿ ಕಳೆದ ಮೇಲೆ ಐದಾರು ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಆ ಹೊಲದಲ್ಲಿ ಅಪ್ಪನ ಪಕ್ಕ ಒಂದು ಸಂಜೆ ಕೂತೇನು ಎಂಬ ಆಸೆ ಹೋಗಿಲ್ಲ, ಹೋಗುವುದೂ ಇಲ್ಲ. ದಾರಿ ಬಿಡಿ ಎಂಬ ಆ ಒಂದು ಮಾತನ್ನು ಎಷ್ಟೋ ಜನರ ಪರವಾಗಿ ಬರೆದಿದ್ದೇನೆ. ನಮ್ಮಪ್ಪನ ಪರವಾಗಿ ಬರೆಯಲು ಸಿಕ್ಕದ್ದು ಒಂದೇ ಅವಕಾಶ, ಅಲ್ಲಿ ಬರೆಯಲಿಲ್ಲ.